ಸಾಲ್ಮನ್ ಟ್ರೋಲಿಂಗ್‌ಗೆ ಯಾವ ರಾಡ್ ಕೊಳ್ಳಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಜೂನ್ ಬಂತೆಂದರೆ ಸಿಯಾಟಲ್ ಸುತ್ತಮುತ್ತಲಿನ ನಮ್ಮ ಕನ್ನಡದ ಗೆಳೆಯರು ನನ್ನನ್ನು ಕೇಳುವುದು ಇದನ್ನೇ: "ಸಾಲ್ಮನ್ ಮೀನು ಹಿಡಿಯೋಕೆ ಒಂದು ರಾಡ್, ಅಂದ್ರೆ ಗಾಳದ ಕೋಲು, ತಗೋಬೇಕು. ಮುರೀಬಾರದು, ವರ್ಷಾನುಗಟ್ಟಲೆ ಬರಬೇಕು. ಯಾವುದು ತಗೊಳ್ಳಲಿ?"

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಉತ್ತರ ಇಲ್ಲೇ ಇದೆ. ಎಂಟೂವರೆ ಅಡಿಯಿಂದ ಒಂಬತ್ತು ಅಡಿ ಉದ್ದದ್ದು, ಗಾಜಿನ ನಾರಿನದು ಇಲ್ಲವೇ ಗಾಜು ಮತ್ತು ಗ್ರಾಫೈಟ್ ಬೆರೆಸಿ ಮಾಡಿದ್ದು, 12ರಿಂದ 25 ಪೌಂಡ್ ಎಳೆತ ತಡೆಯುವ ಲೈನಿಗೆ (ಗಾಳದ ದಾರಕ್ಕೆ) ಹೊಂದುವಂಥದ್ದು, ತುದಿಯಿಂದ ನಡುವಿನವರೆಗೂ ಧಾರಾಳವಾಗಿ ಬಾಗುವಂಥದ್ದು. ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ. ಅಂಗಡಿಗೆ ಹೋದವರು ರಾಡನ್ನು ಗಾಳಿಯಲ್ಲಿ ಬೀಸಿ ನೋಡಿ, ಬಿಗಿಯಾಗಿ ಸೆಟೆದು ನಿಂತದ್ದನ್ನೇ ಗಟ್ಟಿಯೆಂದು ಆರಿಸಿಕೊಂಡು ಬರುತ್ತಾರೆ. ಈ ಕೆಲಸದಲ್ಲಿ ಮೊದಲು ಮುರಿಯುವುದು ಅದೇ.

ಯಾಕೆಂದು ತಿಳಿಯಬೇಕಾದರೆ ಟ್ರೋಲಿಂಗ್ ಮಾಡುವಾಗ ರಾಡಿಗೆ ಏನಾಗುತ್ತದೆಂದು ನೋಡಬೇಕು. ಇದು ಮಲ್ಪೆಯ ಟ್ರಾಲ್ ಬೋಟಿನವರು ಬಲೆ ಎಳೆಯುವ ಕೆಲಸವಲ್ಲ. ದೋಣಿ ಗಂಟೆಗೆ ಎರಡು-ಮೂರು ಮೈಲಿ ವೇಗದಲ್ಲಿ ನಿಧಾನವಾಗಿ ಸಾಗುತ್ತಿರುತ್ತದೆ, ಹಿಂದೆ ಒಂದೊಂದು ರಾಡಿನಿಂದ ಒಂದೊಂದು ಗಾಳ ಓಡುತ್ತಿರುತ್ತದೆ. ಸಿಯಾಟಲ್ ಪಕ್ಕದ ಸಮುದ್ರದ ಕೊಲ್ಲಿ ಪ್ಯೂಜೆಟ್ ಸೌಂಡಿನಲ್ಲಿ ಚಿನೂಕ್ ಎಂಬ ಜಾತಿಯ ಸಾಲ್ಮನ್ ಬಹಳ ಸಲ ತಳದ ಹತ್ತಿರ, ನೂರಡಿಗೂ ಆಳದಲ್ಲಿ ಇರುತ್ತದೆ. ಅಷ್ಟು ಕೆಳಗೆ ಗಾಳ ಇಳಿಸಲು ಡೌನ್‌ರಿಗರ್ ಬೇಕು: ದೋಣಿಯ ಅಂಚಿನಲ್ಲಿ ಕೂರಿಸಿದ ಒಂದು ರಾಟೆ, ಅದರ ತಂತಿಯ ತುದಿಗೆ ಹತ್ತರಿಂದ ಹದಿನೈದು ಪೌಂಡಿನ ಸೀಸದ ಗುಂಡು. ನಮ್ಮ ಲೈನನ್ನು ಆ ಗುಂಡಿನ ಬಳಿಯ ಕ್ಲಿಪ್ಪಿಗೆ ಸಿಕ್ಕಿಸಿ ಕೆಳಗೆ ಬಿಡುತ್ತೇವೆ. ಆಮೇಲೆ ರಾಡನ್ನು ಹೋಲ್ಡರಿನಲ್ಲಿಟ್ಟು, ತುದಿ ನೀರಿನ ಕಡೆಗೆ ಚೆನ್ನಾಗಿ ಬಾಗುವವರೆಗೆ ಲೈನ್ ಬಿಗಿ ಮಾಡುತ್ತೇವೆ.

ಹಾಗೆ ಬಾಗಿದ ರಾಡ್ ಗಂಟೆಗಟ್ಟಲೆ ಬಾಗಿಯೇ ಇರುತ್ತದೆ. ಅದೂ ಸುಮ್ಮನೆ ಅಲ್ಲ. ಒಂದೊಂದು ಅಲೆಗೂ ದೋಣಿ ಏಳುತ್ತದೆ, ಬೀಳುತ್ತದೆ, ಅದರ ಜೊತೆಗೆ ರಾಡಿನ ತುದಿ ಕುಗ್ಗುತ್ತದೆ, ಹಿಗ್ಗುತ್ತದೆ. ಎರಡು ತುದಿಗೂ ಹೊರೆ ಹೊತ್ತು ನಡೆಯುವವನ ಹೆಗಲ ಮೇಲಿನ ಕಾವಡಿ ಕೋಲು ಹೇಗೆ ಹೆಜ್ಜೆಹೆಜ್ಜೆಗೂ ತೂಗಾಡುತ್ತದೆಯೋ ಹಾಗೆ. ಮೀನು ಕಚ್ಚಿ ಕ್ಲಿಪ್ಪಿನಿಂದ ಲೈನ್ ಬಿಟ್ಟುಕೊಂಡ ಕ್ಷಣ, ಬಾಗಿದ್ದ ರಾಡ್ ಚಂಗನೆ ಮೇಲೆದ್ದು ಸಡಿಲವಾದ ಲೈನನ್ನು ತಾನೇ ಎಳೆದುಕೊಳ್ಳುತ್ತದೆ. ನೀವು ಓಡಿ ಬಂದು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಕೊಕ್ಕೆ ಮೀನಿನ ಬಾಯಲ್ಲಿ ಕೂತಿರುತ್ತದೆ. ಬಿಗಿ ರಾಡಿನಲ್ಲಿ ಆ ಚಿಮ್ಮುವಿಕೆಯೇ ಇರುವುದಿಲ್ಲ. ಬಾಗಿಸಿ ಇಡಲು ಹೋದರೆ ಅಲೆ ಬಂದಾಗ ಕ್ಲಿಪ್ಪಿನಿಂದ ಲೈನ್ ಸುಮ್ಮಸುಮ್ಮನೆ ಕಳಚಿಕೊಳ್ಳುತ್ತದೆ.

ಈಗ ಯಾವ ನಾರು ಎಂಬ ವಿಷಯ. ಗ್ರಾಫೈಟ್ ಎಂದು ಅಂಗಡಿಯವರು ಕರೆಯುವುದು ಕಾರ್ಬನ್ ನಾರನ್ನು. ಹಗುರ, ಬಿರುಸು, ಮೀನು ಮೂಸಿದರೂ ಕೈಗೆ ತಿಳಿಯುತ್ತದೆ. ದಿನವಿಡೀ ಕೈಯಲ್ಲೇ ಹಿಡಿದು ಎಸೆಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಾರ್ಬನ್ ನಾರು ತನ್ನ ಉದ್ದದಲ್ಲಿ ಸುಮಾರು ಒಂದೂವರೆ, ಎರಡು ಪರ್ಸೆಂಟ್ ಹಿಗ್ಗುವಷ್ಟರಲ್ಲಿ ತುಂಡಾಗುತ್ತದೆ. ಗಾಜಿನ ನಾರು ನಾಲ್ಕು ಪರ್ಸೆಂಟಿನ ಆಸುಪಾಸಿನವರೆಗೂ ತಡೆಯುತ್ತದೆ. ಮೇಲಾಗಿ ಕಾರ್ಬನ್ ಬಿರುಸಾಗಿರುವುದರಿಂದ ರಾಡಿನ ಗೋಡೆಯನ್ನು ತೆಳ್ಳಗೆ ಮಾಡಿರುತ್ತಾರೆ. ಅಲುಗಾಡುವ ದೋಣಿಯಲ್ಲಿ ಸೀಸದ ಗುಂಡು ಒಮ್ಮೆ ತಾಗಿದರೆ ಕಣ್ಣಿಗೆ ಕಾಣದ ಒಂದು ಗೀರು ಬೀಳುತ್ತದೆ, ಅವತ್ತು ಏನೂ ಆಗುವುದಿಲ್ಲ. ಮುಂದಿನ ತಿಂಗಳು ಒಳ್ಳೆಯ ಮೀನು ಸಿಕ್ಕಾಗ ಅಲ್ಲೇ ಫಟ್ ಎನ್ನುತ್ತದೆ. ಆಗ ಎಲ್ಲರೂ ಮೀನಿನ ತೂಕದಿಂದ ಮುರಿಯಿತು ಅಂದುಕೊಳ್ಳುತ್ತಾರೆ.

ಹೋಲ್ಡರಿನಲ್ಲಿ ಕೂರುವ ರಾಡಿಗೆ ಹಗುರವಾಗಿರುವುದರಿಂದ ಏನು ಲಾಭ ಹೇಳಿ? ಮೀನು ಸಿಕ್ಕಾಗ ಹತ್ತು-ಹದಿನೈದು ನಿಮಿಷ ಕೈಯಲ್ಲಿ ಹಿಡಿಯುತ್ತೀರಿ, ಅಷ್ಟೇ. ಹಾಗಾಗಿ ನನ್ನ ಆಯ್ಕೆ ಗಾಜು. ಭಾರ ಸ್ವಲ್ಪ ಹೆಚ್ಚೆನಿಸಿದರೆ ಬೆರಕೆಯದು. ವಾಷಿಂಗ್ಟನ್ನಿನ ವುಡ್‌ಲ್ಯಾಂಡಿನ ಲ್ಯಾಮಿಗ್ಲಾಸ್ ಕಂಪನಿಯ ಗಾಜಿನ ರಾಡುಗಳನ್ನು ಇಲ್ಲಿನ ಹಳಬರು ಇಂದಿಗೂ ಪ್ರೀತಿಯಿಂದ ಬಳಸುತ್ತಾರೆ. ಶೇಕ್ಸ್‌ಪಿಯರ್ ಕಂಪನಿಯ ಅಗ್ಲಿ ಸ್ಟಿಕ್ ಕಡಿಮೆ ಬೆಲೆಗೆ ಸಿಗುವ ಬೆರಕೆ ರಾಡ್, ಒರಟು ಕೈಗಳಿಗೂ ಜಗ್ಗುವುದಿಲ್ಲ. ಇನ್ನು, ರಾಡಿನ ಮೇಲೆ ಐಎಂ-6, ಐಎಂ-7 ಎಂದು ಬರೆದದ್ದನ್ನು ನೋಡಿ ಹಣ ಸುರಿಯಬೇಡಿ. ಅವು ಮೂಲತಃ ಒಂದು ನಾರಿನ ಕಂಪನಿಯ ವ್ಯಾಪಾರದ ಹೆಸರುಗಳು, ರಾಡಿನ ಬಾಳಿಕೆಗೆ ಕೊಟ್ಟ ಅಂಕಗಳಲ್ಲ.

ಉದ್ದದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಾನು ಕಂಡಂತೆ ರಾಡುಗಳು ಹೆಚ್ಚಾಗಿ ಮುರಿಯುವುದು ಮೀನು ದೋಣಿಯ ಪಕ್ಕಕ್ಕೆ ಬಂದ ಮೇಲೆ. ನಮ್ಮ ಕಡೆ ಗಾಳದ ಮುಂದೆ ಹನ್ನೊಂದು ಇಂಚಿನ ಫ್ಲಾಶರ್ ಕಟ್ಟುತ್ತೇವೆ. ನೀರಿನಲ್ಲಿ ಗಿರಗಿರ ತಿರುಗಿ ಹೊಳೆಯುವ ಈ ಪ್ಲಾಸ್ಟಿಕ್ ಹಲಗೆ ಸಾಲ್ಮನ್ನನ್ನು ಸೆಳೆಯುತ್ತದೆ. ಅದರಿಂದ ಕೊಕ್ಕೆಯವರೆಗೆ ಮೂರು-ನಾಲ್ಕು ಅಡಿಯ ಲೀಡರ್ ಎಂಬ ತುಂಡು ದಾರ. ಫ್ಲಾಶರ್ ರಾಡಿನ ತುದಿಗೆ ಬಂದು ನಿಂತಿತೆಂದರೆ ಇನ್ನು ಸುತ್ತಲು ಲೈನ್ ಇಲ್ಲ, ಮೀನು ಮಾತ್ರ ತುದಿಯಿಂದ ಐದಡಿ ದೂರದಲ್ಲಿ ಒದ್ದಾಡುತ್ತಿದೆ. ರಾಡ್ ಗಿಡ್ಡದಾದರೆ ಕೈಬಲೆ ಹಿಡಿದವರಿಗೆ ಮೀನು ಎಟುಕುವುದೇ ಇಲ್ಲ. ಆಗ ರಾಡ್ ಹಿಡಿದವರು ಗಾಬರಿಯಿಂದ ಅದನ್ನು ನೆಟ್ಟಗೆ ಆಕಾಶಕ್ಕೆ ಎತ್ತುತ್ತಾರೆ. ಹಾಗೆ ಎತ್ತಿದಾಗ ಬುಡದ ದಪ್ಪ ಭಾಗಕ್ಕೆ ಏನೂ ಕೆಲಸವಿರುವುದಿಲ್ಲ, ಇಡೀ ಮೀನಿನ ಎಳೆತ ತುದಿಯ ತೆಳು ಭಾಗದ ಮೇಲೆ ಬೀಳುತ್ತದೆ. ಎಷ್ಟು ಬೆಲೆಯ ರಾಡ್ ಆದರೂ ಅಲ್ಲಿ ಮುರಿಯುತ್ತದೆ. ದಯವಿಟ್ಟು ರಾಡ್ ಎತ್ತಬೇಡಿ, ನೀವೇ ಎರಡು ಹೆಜ್ಜೆ ಹಿಂದಕ್ಕೆ ಹೋಗಿ. ಮೀನು ತಾನಾಗಿ ಬಲೆಯ ಮೇಲೆ ಬರುತ್ತದೆ.

ಎಂಟೂವರೆ ಅಡಿ ಇದ್ದರೆ ಇದಕ್ಕೆಲ್ಲ ಸಾಲುತ್ತದೆ. ಗಡಿಯಾಚೆ ಬ್ರಿಟಿಷ್ ಕೊಲಂಬಿಯಾದಲ್ಲಿ ಹತ್ತೂವರೆ ಅಡಿಯದೇ ರೂಢಿ, ಲೈನ್ ಸುತ್ತುವ ಮೂಚಿಂಗ್ ರೀಲ್ ಎಂಬ ದೊಡ್ಡ ಚಕ್ರದ ಜೊತೆಗೆ. ಮೀನಿನ ಓಟವನ್ನು ಆ ಉದ್ದ ರಾಡ್ ಎಷ್ಟು ಚೆಂದ ನುಂಗಿಕೊಳ್ಳುತ್ತದೆಂದರೆ, ವ್ಯಾಂಕೂವರ್ ಕಡೆಯ ಕನ್ನಡಿಗರಿಗೆ ನಾನು ಅದನ್ನೇ ಹೇಳುತ್ತೇನೆ. ಚಿಕ್ಕ ದೋಣಿಯಲ್ಲಿ ಮೂರು-ನಾಲ್ಕು ಜನ ಇದ್ದರೆ ಮಾತ್ರ ಅದು ತಲೆಗೆ ತಾಗುತ್ತದೆ.

ಮೃದು ರಾಡಿಗೆ ಇನ್ನೊಂದು ಕಾರಣವಿದೆ, ಅದು ನನಗೆ ಬಾಳಿಕೆಗಿಂತಲೂ ದೊಡ್ಡದು. ಪ್ಯೂಜೆಟ್ ಸೌಂಡಿನಲ್ಲಿ ಸಾಲ್ಮನ್ ಹಿಡಿಯಲು ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಬೇಕು. ಲೈನ್ ಒಂದು ಗಳಿಗೆ ಸಡಿಲವಾದರೆ ಮೀನು ತಲೆ ಕೊಡವಿ ಹೊರಟುಹೋಗುತ್ತದೆ. ಬಾಗುವ ರಾಡ್ ಆ ಸಡಿಲಕ್ಕೆ ಎಡೆ ಕೊಡುವುದಿಲ್ಲ. ಇಲ್ಲಿನ ಚಿನೂಕ್ 1999ರಿಂದ ಅಳಿವಿನ ಭೀತಿಯಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಬೆನ್ನಿನ ಹಿಂಭಾಗದ ಪುಟ್ಟ ರೆಕ್ಕೆಯನ್ನು ಕತ್ತರಿಸಿ ಬಿಟ್ಟ ಮೊಟ್ಟೆಕೇಂದ್ರದ, ಅಂದರೆ ಮೊಟ್ಟೆಯೊಡೆಸಿ ಸಾಕಿದ, ಮೀನನ್ನಷ್ಟೇ ಮನೆಗೆ ತರಬಹುದು. ಆ ರೆಕ್ಕೆ ಇದ್ದ ಕಾಡು ಚಿನೂಕನ್ನು ದೋಣಿಯೊಳಕ್ಕೂ ತರದೆ ನೀರಿನಲ್ಲೇ ಬಿಡಬೇಕು. ಆ ಮೀನು ಸುಸ್ತಾಗಿ ಸಾಯುವ ಮೊದಲೇ ಅದನ್ನು ದೋಣಿಯ ಪಕ್ಕಕ್ಕೆ ತರುವಷ್ಟು ಕಸುವೂ ರಾಡಿನ ಬುಡದಲ್ಲಿ ಇರಬೇಕು. ಅದಕ್ಕೇ ತುದಿ ಮೃದು, ಬುಡ ಬಲ ಎರಡೂ ಇರುವುದನ್ನು ಹುಡುಕಿ. ಅಂಗಡಿಯಲ್ಲಿ ರಾಡಿನ ಉಂಗುರಗಳ ಮೂಲಕ ಒಂದು ಲೈನ್ ಪೋಣಿಸಿ, ಜೊತೆಗಿದ್ದವರು ಮೆಲ್ಲಗೆ ಎಳೆಯಲಿ. ನೀವು ಪಕ್ಕದಿಂದ ನೋಡಿ. ಎಳೆತ ಹೆಚ್ಚಿದಂತೆ ಬಾಗು ತುದಿಯಿಂದ ಕೆಳಕೆಳಕ್ಕೆ ಹರಿದು ಬರಬೇಕು. ಎಲ್ಲಾದರೂ ಒಂದು ಕಡೆ ಮೊಣಕೈ ಮಡಿಸಿದ ಹಾಗೆ ಕಂಡರೆ ಬೇಡ.

ಗೈಡ್ ಅಂದರೆ ಲೈನ್ ಹಾದುಹೋಗುವ ಉಂಗುರಗಳು. ಉಪ್ಪುನೀರಿನಲ್ಲಿ ಅಗ್ಗದ ಗೈಡುಗಳು ಪಾದದಲ್ಲೇ, ದಾರದ ಸುತ್ತಿನ ಅಡಿಯಲ್ಲಿ ತುಕ್ಕು ಹಿಡಿಯುತ್ತವೆ. ಒಳಗಿನ ಸೆರಾಮಿಕ್ ಬಳೆ ಸೀಳಿದ್ದರೆ ಲೈನನ್ನು ಗರಗಸದಂತೆ ಕೊಯ್ಯುತ್ತದೆ, ಚೂರು ಹತ್ತಿಯನ್ನು ಒಳಗೆ ಆಡಿಸಿ ನೋಡಿ, ಎಳೆ ಸಿಕ್ಕಿಕೊಂಡರೆ ಸೀಳಿದೆ ಎಂದರ್ಥ. ಫ್ಲಾಶರಿನ ಲೋಹದ ಕೊಂಡಿ ತುದಿಯ ಉಂಗುರಕ್ಕೆ ಟಣ್ ಎಂದು ಬಡಿಯುವವರೆಗೆ ಸುತ್ತುವವರು ಬಹಳ. ನಡುವೆ ಒಂದು ಪ್ಲಾಸ್ಟಿಕ್ ಮಣಿ ಪೋಣಿಸಿದರೆ ಆ ಉಂಗುರ ಉಳಿಯುತ್ತದೆ. ಹಿಡಿ ಉದ್ದವಿರಲಿ, ಹೋಲ್ಡರಿನಿಂದ ಸಲೀಸಾಗಿ ಕಿತ್ತು ತೆಗೆಯುವಂತಿರಲಿ. ಬಿರಡೆಯ ಹಿಡಿಯನ್ನು ಹೋಲ್ಡರ್ ತಿಂದುಹಾಕುತ್ತದೆ, ರಬ್ಬರಿನಂಥ ಫೋಮ್ ಒಳ್ಳೆಯದು.

ಬೆಲ್‌ವ್ಯೂ, ರೆಡ್‌ಮಂಡ್ ಕಡೆ ಅಪಾರ್ಟ್‌ಮೆಂಟಿನಲ್ಲಿದ್ದು ಸಣ್ಣ ಕಾರಿನಲ್ಲಿ ಓಡಾಡುವವರು ಎರಡು ತುಂಡಿನದನ್ನೇ ಕೊಳ್ಳಿ, ಹಿಂಜರಿಕೆ ಬೇಡ. ಕಾರಿನ ಬಾಗಿಲಿಗೆ ಸಿಕ್ಕಿ ಮುರಿದ ತುದಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎರಡು ತುಂಡು ಕೂಡುವ ಕೀಲಿಗೆ ಸ್ವಲ್ಪ ಮೇಣ ಸವರಿ, ನೀರಿನ ಮೇಲಿದ್ದಾಗ ಆಗಾಗ ಬಿಗಿಯಾಗಿದೆಯೇ ನೋಡುತ್ತಿರಿ.

ರಾಡ್ ಎಷ್ಟೇ ಒಳ್ಳೆಯದಿರಲಿ, ರೀಲಿನ ಡ್ರ್ಯಾಗ್ ಬಿಗಿಯಾದರೆ ಉಳಿಯುವುದಿಲ್ಲ. ಮೀನು ಎಷ್ಟು ಬಲದಿಂದ ಎಳೆದಾಗ ಲೈನ್ ಬಿಟ್ಟುಕೊಡಬೇಕೆಂದು ನಿರ್ಧರಿಸುವುದು ಅದು. 20 ಪೌಂಡಿನ ಲೈನಿಗೆ ಐದು ಪೌಂಡ್ ಡ್ರ್ಯಾಗ್ ಸಾಕು. ಈಚೆಗೆ ಹೆಚ್ಚಿನವರು 50, 65 ಪೌಂಡಿನ ಹೆಣೆದ ಲೈನ್ ಹಾಕುತ್ತಾರೆ. ಅದು ಹಿಗ್ಗುವುದೂ ಇಲ್ಲ, ತುಂಡಾಗುವುದೂ ಇಲ್ಲ. ಆ ಧೈರ್ಯದಲ್ಲಿ ಡ್ರ್ಯಾಗ್ ತಿರುಚಿ ಬಿಗಿ ಮಾಡಿದರೆ ಕೊನೆಗೆ ತುಂಡಾಗಲು ಉಳಿಯುವುದು ರಾಡೊಂದೇ. ಹೊಸಬರಿಗೆ ನಾನು ಹೇಳುವುದು 25 ಪೌಂಡಿನ ಸಾದಾ ನೈಲಾನ್. ಅದರ ಹಿಗ್ಗು ರಾಡಿನ ಅರ್ಧ ಕಷ್ಟವನ್ನು ತಾನೇ ಹೊರುತ್ತದೆ.

ಬೆಂಗಳೂರಿನಿಂದ ಬರುವವರು ಕೇಳುವುದುಂಟು, "ಕಾವೇರಿಯಲ್ಲಿ ಮಹಶೀರ್‌ಗೆ ಬಳಸುತ್ತಿದ್ದ ರಾಡ್ ಮನೆಯಲ್ಲಿದೆ, ತರಲಾ?" ಅಂತ. ಆ ರಾಡ್ ಬಂಡೆಗಳ ನಡುವೆ, ಸೆಳವಿನಲ್ಲಿ ನುಗ್ಗುವ ಮೀನನ್ನು ತಡೆದು ತಿರುಗಿಸಲು ಮಾಡಿದ್ದು, ಬುಡದಿಂದಲೇ ಬಿಗಿ. ಇಲ್ಲಿ ಬಂಡೆಯ ಭಯವಿಲ್ಲ. ಮೀನು ಓಡಲಿ, ಬೇಕಾದರೆ ದೋಣಿಯೇ ಹಿಂದೆ ಹೋಗುತ್ತದೆ. ಅದನ್ನು ಊರಲ್ಲೇ ಬಿಟ್ಟು ಬನ್ನಿ.

ಮಿಷಿಗನ್, ಷಿಕಾಗೋ ಕಡೆಯವರಿಗೆ ನನ್ನ ಉತ್ತರ ಬೇರೆ. ಅಲ್ಲಿನ ಸಾಲ್ಮನ್ ಮೂಲತಃ ಅಲ್ಲಿನದಲ್ಲ. ಸಮುದ್ರದಿಂದ ಬಂದ ಏಲ್‌ವೈಫ್ ಎಂಬ ಸಣ್ಣ ಮೀನು ಮಿಷಿಗನ್ ಸರೋವರದಲ್ಲಿ ಮಿತಿಮೀರಿದಾಗ, ಆ ರಾಜ್ಯದ ಮೀನುಗಾರಿಕೆಯ ಮುಖ್ಯಸ್ಥರಾಗಿದ್ದ ಹೊವರ್ಡ್ ಟ್ಯಾನರ್ ಆರೆಗಾನ್‌ನಿಂದ ಮೊಟ್ಟೆ ತರಿಸಿ, 1966ರಲ್ಲಿ ಕೋಹೋ ಎಂಬ ಜಾತಿಯ ಸಾಲ್ಮನ್ ಮರಿಗಳನ್ನು ಬಿಡಿಸಿದರು. ಮರುವರ್ಷ ಚಿನೂಕ್ ಬಂತು. ಅಲ್ಲಿ ಡೌನ್‌ರಿಗರ್ ಜೊತೆಗೆ ಡಿಪ್ಸಿ ಡೈವರ್ ಎಂಬ ಬಿಲ್ಲೆಯನ್ನೂ ಲೈನಿಗೇ ಕಟ್ಟಿ ಎಳೆಯುತ್ತಾರೆ. ನೀರಿನಲ್ಲಿ ಓರೆಯಾಗಿ ಮುಳುಗುವ ಆ ಬಿಲ್ಲೆಯ ಸೆಳೆತ ಇಡೀ ದಿನ ನೇರವಾಗಿ ರಾಡಿನ ಮೇಲೇ. ಅದಕ್ಕೆ ನನ್ನ ಎಂಟೂವರೆ ಅಡಿಯ ಮೃದು ರಾಡ್ ಸಾಲದು, ಒಂಬತ್ತು-ಹತ್ತು ಅಡಿಯ, ಒಂದು ಮೆಟ್ಟಿಲು ದಪ್ಪನೆಯದು ಬೇಕು. ಸಿಹಿನೀರಾದ್ದರಿಂದ ತುಕ್ಕಿನ ಚಿಂತೆ ಮಾತ್ರ ಅಷ್ಟಿಲ್ಲ.

ಬೆಲೆಗೆ ಬಂದರೆ, ನೂರು ಡಾಲರಿನ ಆಸುಪಾಸಿನಲ್ಲಿ ಬಾಳುವ ಗಾಜಿನ ರಾಡ್ ಸಿಗುತ್ತದೆ. ಅದಕ್ಕಿಂತ ಮೇಲೆ ಹೋಗುವ ಹಣವನ್ನು ರೀಲಿಗೆ ಹಾಕಿ. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ, ಗೈಡಿನ ಪಾದ ಮತ್ತು ತುದಿಯನ್ನು ಬೆರಳಲ್ಲಿ ಸವರಿ ನೋಡಿ ಕೊಳ್ಳಿ. ಮನೆಗೆ ಬಂದ ಸಂಜೆಯೇ ಸಿಹಿನೀರಿನಲ್ಲಿ ತೊಳೆಯಿರಿ, ರಾತ್ರಿ ದೋಣಿಯಲ್ಲಿ ಬಾಗಿಸಿದ ಹಾಗೇ ಬಿಟ್ಟು ಬರಬೇಡಿ. ಮೀನಿಗೆ ಹೊರಡುವ ಮುಂಚೆ ವಾಷಿಂಗ್ಟನ್ ರಾಜ್ಯದ ಲೈಸೆನ್ಸ್ ಮತ್ತು ಹಿಡಿದ ಮೀನನ್ನು ಬರೆದಿಡುವ ಕ್ಯಾಚ್ ಕಾರ್ಡ್ ಮಾಡಿಸಿಕೊಳ್ಳಿ, ಆ ವಾರ ಯಾವ ಜಾಗದಲ್ಲಿ ಯಾವ ಮೀನಿಗೆ ಅನುಮತಿಯಿದೆ ಎಂದು ನೋಡಿಕೊಳ್ಳಿ, ಅದು ಆಗಾಗ ಬದಲಾಗುತ್ತದೆ. ಕೊಳ್ಳುವ ಮೊದಲು ಗಾಜಿನದನ್ನೂ ಗ್ರಾಫೈಟಿನದನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದು ನೋಡಬೇಕೆನ್ನುವವರು ಆಗಸ್ಟಿನ ಯಾವ ಶನಿವಾರವಾದರೂ ಎವರೆಟ್ ಬಂದರಿಗೆ ಬನ್ನಿ, ನನ್ನ ಬಳಿ ಎರಡೂ ಇವೆ.