ಮಿಂಚಿಯ ಸೊಂಟ: ಏಳನೇ ತಿಂಗಳು, ಹದಿನಾರು ಹೆಜ್ಜೆ

ನಿನ್ನೆ ಬೆಳಗ್ಗೆ ತೆಂಗಿನ ತೋಟದ ಉದ್ದನೆ ದಾರಿಯಲ್ಲಿ ನನ್ನ ಕುದುರೆ ಮಿಂಚಿ ಬಲ ಲೀಡ್‌ನಲ್ಲಿ, ಅಂದರೆ ಬಲಗಡೆಯ ಕಾಲು ಮುಂದಿಟ್ಟು, 16 ಹೆಜ್ಜೆ ಕ್ಯಾಂಟರ್ (ನಿಧಾನದ ನಾಗಾಲೋಟ) ಮಾಡಿದಳು. ಮುಂಗಾಲು ಬಲಕ್ಕೆ, ಹಿಂಗಾಲು ಎಡಕ್ಕೆ ಅಂತ ಹರಿದು ಹೋಗಲಿಲ್ಲ. ಮೊಲದ ಹಾಗೆ ಹಿಂಗಾಲೆರಡನ್ನೂ ಜೋಡಿಸಿ ಕುಪ್ಪಳಿಸಲೂ ಇಲ್ಲ. ಇಳಿದು ಅವಳ ಕತ್ತು ತಬ್ಬಿಕೊಂಡು ಅತ್ತುಬಿಟ್ಟೆ.

ಕಂಬಕ್ಕೆ ಬಲಸೊಂಟ ಬಡಿದದ್ದು, ಸ್ಕ್ಯಾನ್, ಬೆನ್ನುಮೂಳೆ ಸೊಂಟದ ಮೂಳೆಗೆ ಸೇರುವ ಸೇಕ್ರೋಇಲಿಯಾಕ್ ಕೀಲಿನ ಅಸ್ಥಿರಜ್ಜಿಗೆ ಪೆಟ್ಟು, ಲಾಯದ ವಿಶ್ರಾಂತಿ ಎಲ್ಲ ಹಳೆಯ ಕಥೆ. ವಾಕ್ (ನಡಿಗೆ) ಸರಿಹೋಯಿತು, ಟ್ರಾಟ್ (ಕುಕ್ಕುಲೋಟ) ಸರಿಹೋಯಿತು. ಬಲ ಕ್ಯಾಂಟರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಮೊದಲು ಸ್ಯಾಡಲ್ (ಜೀನು) ಮೇಲೆ ಅನುಮಾನ ಬಂತು. ಅದು ಕೊನೆಯ, ಅಂದರೆ 18ನೇ ಪಕ್ಕೆಲುಬು ದಾಟಿರಲಿಲ್ಲ, ಆದರೂ ಜೀನಿನ ಅಡಿಗೆ ಹಾಕುವ ಉಣ್ಣೆ ಫೆಲ್ಟಿನ ಶಿಮ್ (ಮೆತ್ತೆಪಟ್ಟಿ) ತರಿಸಿದೆ. 40 ದಿನ ಕಾಯಿಸಿ ಸ್ಪಂಜು ಕಳಿಸಿದರು. ವಾರದಲ್ಲಿ ಹಪ್ಪಳವಾಯಿತು. ಕೇಳಿದರೆ ಕುದುರೆಯ ತೂಕ ಜಾಸ್ತಿಯಂತೆ! ದುಡ್ಡು ಹೋದದ್ದಕ್ಕಿಂತ ಆ ನಲವತ್ತು ದಿನ ಹೋದದ್ದು ಹೊಟ್ಟೆ ಉರಿಸಿತು.

ಸುಳಿವು ಸಿಕ್ಕಿದ್ದು ಲಾಳ ಹೊಡೆಯುವ ಭಾಯಿಯಿಂದ. ಎಡ ಹಿಂಗಾಲು ಎತ್ತಿದರೆ ಮಿಂಚಿ ನಡುಗಿ ಕಾಲು ಕಿತ್ತುಕೊಳ್ಳುತ್ತಿದ್ದಳು, ಬಲಗಾಲು ಎತ್ತಿದರೆ ಸುಮ್ಮನಿರುತ್ತಿದ್ದಳು. ಅಂದರೆ ಬಲಗಡೆ ಭಾರ ಹೊರಲು ಆಗುತ್ತಿಲ್ಲ. ಡಾಕ್ಟರನ್ನು ಕೇಳಿ ನೋವಿನ ಔಷಧಿ ನಿಲ್ಲಿಸಿ, ಸೊಂಟದ ಎರಡೂ ಮೂಳೆತುದಿಗೆ ಬಿಳಿ ಟೇಪ್ ಅಂಟಿಸಿ, ಹಿಂದಿನಿಂದ ಸ್ಲೋ ಮೋಷನ್ ವಿಡಿಯೊ ತೆಗೆದೆ. ಲಂಜಿಂಗ್‌ಗೆ (ಉದ್ದ ಹಗ್ಗ ಕಟ್ಟಿ ಸುತ್ತು ಹೊಡೆಸುವುದು) ಮೊದಲು ಒಂದು, 15 ನಿಮಿಷದ ಲಂಜಿಂಗ್ ಆದಮೇಲೆ ಇನ್ನೊಂದು. ಎರಡನೆಯದರಲ್ಲಿ ಬಲಗಡೆ ಟೇಪ್ ಎದ್ದೆದ್ದು ಬೀಳುತ್ತಿತ್ತು.

ಶಕ್ತಿ ಬರಲಿ ಅಂತ ದಿನಾ ಮಾಡಿಸುತ್ತಿದ್ದ ಈ ಕಸರತ್ತೇ ಗಾಯ ಕೆದಕುತ್ತಿತ್ತು. ಆ ಕೀಲು ಹೆಚ್ಚು ಅಲುಗಾಡುವಂಥದ್ದಲ್ಲ. ಹಿಂಗಾಲಿನ ತಳ್ಳುಬಲವನ್ನು ಬೆನ್ನಿಗೆ ದಾಟಿಸುವುದು ಅದರ ಕೆಲಸ. ಸಣ್ಣ ಸುತ್ತಿನಲ್ಲಿ ಒಳಗಿನ ಕಾಲಿಗೆ ಭಾರ ಬಿದ್ದು ಸೊಂಟ ತಿರುಚುತ್ತದೆ, ಅಸ್ಥಿರಜ್ಜು ಎಳೆಯುತ್ತದೆ. ಅವತ್ತೇ ಲಂಜ್ ಹಗ್ಗ ಅಟ್ಟಕ್ಕೆ ಹೋಯಿತು.

ಮಂಡ್ಯದವರಿಗೆ ನೇರ ದಾರಿ ಹುಡುಕಬೇಕೆ? ವಿಶ್ವೇಶ್ವರಯ್ಯ ನಾಲೆಯ ಏರಿ ಇದೆ. ಕೈಯಲ್ಲಿ ಹಿಡಿದುಕೊಂಡು 10 ನಿಮಿಷದ ನಡಿಗೆಯಿಂದ ಶುರುಮಾಡಿ ಎಂಟು ವಾರಕ್ಕೆ 40 ನಿಮಿಷ ಮಾಡಿದೆವು. ಆಮೇಲೆ ಪೋಲ್, ಅಂದರೆ ಅಡ್ಡಲಾಗಿ ಇಟ್ಟ ಗಳಗಳನ್ನು ದಾಟಿಸುವುದು. ಒಂದೇ ದಪ್ಪದ ಸರ್ವೆ ಮರದ ಗಳ ಕೇಳಿದರೆ ಡಿಪೊದವರು ಒಂದು ತುದಿ ತೊಡೆಯಷ್ಟು, ಇನ್ನೊಂದು ತುದಿ ಕಬ್ಬಿನಷ್ಟು ಇರುವುದನ್ನು ಕಳಿಸಿದರು. ಒಂದು ಉರುಳಿ, ಅದರ ಮೇಲೆ ಕಾಲಿಟ್ಟು ಮಿಂಚಿ ಜಾರಿದಳು. ಅವತ್ತು ರಾತ್ರಿ ನನಗೆ ನಿದ್ದೆಯಿಲ್ಲ. ಈಗ ಗೊಬ್ಬರದ ಚೀಲಕ್ಕೆ ಮರಳು ತುಂಬಿ, ನಡುವೆ ತಗ್ಗು ಮಾಡಿ ಗಳ ಕೂರಿಸಿದ್ದೇನೆ, ಅಲುಗುವುದಿಲ್ಲ. ನಾಲ್ಕು ಗಳ, ನಡುವೆ 80 ಸೆಂ.ಮೀ., ಅವಳ ಹೆಜ್ಜೆಗೆ ಅಷ್ಟು ಸರಿ. ಒಂದು ಗಳದ ಎಡತುದಿ, ಮುಂದಿನದರ ಬಲತುದಿ 15 ಸೆಂ.ಮೀ. ಎತ್ತರ. ವಾಕ್‌ನಲ್ಲಿ ಮಾತ್ರ, ವಾರಕ್ಕೆ ಮೂರು ದಿನ.

ಮೂರನೇ ವಾರ ಕುದುರೆ ನೋಡಿಕೊಳ್ಳುವ ನಮ್ಮ ಸೈಸ್ ಕೂಗಿದ: "ನೋಡಿ ಅಕ್ಕಾ, ಬಾಲ ನೆಟ್ಟಗಾಗೈತೆ!" ತಿಂಗಳುಗಟ್ಟಲೆ ಎಡಕ್ಕೆ ವಾಲಿದ್ದ ಬಾಲ. ದಿನಾ ನೋಡುವ ನನಗೆ ಅದು ಕಂಡಿರಲಿಲ್ಲ.

ಈ ನಡುವೆ ಇನ್ನೊಂದು ಕೆಲಸ ತಲೆಗೆ ಹೊಕ್ಕಿದೆ: ಕುದುರೆ ಮೆಂತ್ಯ (ಲೂಸರ್ನ್ ಮೇವು). ಮಾಂಸಖಂಡ ತುಂಬಲು ಹುರುಳಿಯೊಂದೇ ಸಾಲದು, ಹೊರಗಿನಿಂದ ತರಿಸಿದ ಒಣಮೇವು ಬರೀ ಧೂಳು, ಬೂಷ್ಟು. ಪಂಪ್‌ಸೆಟ್ ಪಕ್ಕ ಎರಡು ಗುಂಟೆ ಬಿತ್ತುತ್ತೇನೆ. ಬೇರೂರಿದರೆ ಮೂರ್ನಾಲ್ಕು ವರ್ಷ ಕೊಯ್ಯಬಹುದು. ಪಕ್ಕದಲ್ಲೇ ಭತ್ತದ ಗದ್ದೆ, ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೇ ಏರುಮಡಿ ಮಾಡಿಸುತ್ತಿದ್ದೇನೆ.

ಬಲಪೃಷ್ಠ ಇನ್ನೂ ಚಪ್ಪಟೆಯಾಗಿಯೇ ಇದೆ. ಇವತ್ತು ಅವಳಿಗೆ ರಜೆ. ನಾಳೆ ಮತ್ತೆ ಟೇಪ್ ಅಂಟಿಸಿ ವಿಡಿಯೊ ತೆಗೆಯುತ್ತೇನೆ. ಆ 16 ಹೆಜ್ಜೆಗೆ ಸೊಂಟ ಏನನ್ನುತ್ತದೋ ನೋಡಿದ ಮೇಲೆಯೇ ಹದಿನೇಳನೆಯದು.