ಇಲಿಯ ತಲೆ ಎಷ್ಟು ಡಿಗ್ರಿ ಇತ್ತು?

ನವೆಂಬರ್ 21, 2024, ಗುರುವಾರ

ಬೆಳಿಗ್ಗೆ ಏಳೂವರೆಗೆಲ್ಲ ಅರಿವಳಿಕೆ ಕೊಡಲು ಆಪರೇಷನ್ ಥಿಯೇಟರ್‌ನಲ್ಲಿದ್ದೆ. ಮಿದುಳಿನ ರಕ್ತನಾಳದಲ್ಲಿ ಅನ್ಯೂರಿಸಂ, ಅಂದರೆ ನಾಳದ ಗೋಡೆ ಸವೆದು ಎದ್ದ ಗುಳ್ಳೆ, ಇದ್ದ ಹೆಂಗಸು. ಗುಳ್ಳೆಯ ಬುಡಕ್ಕೆ ಕ್ಲಿಪ್ ಹಾಕುವ ಮೊದಲು, ಅದಕ್ಕೆ ರಕ್ತ ತರುವ ನಾಳವನ್ನೇ ಕೆಲವು ನಿಮಿಷ ಮುಚ್ಚಬೇಕಾಯಿತು. ಸರ್ಜನ್ "ಟೆಂಪರರಿ ಕ್ಲಿಪ್" ಅಂದರು. ರಕ್ತದೊತ್ತಡ ಸ್ವಲ್ಪ ಏರಿಸಿದೆ, ಅಕ್ಕಪಕ್ಕದ ಸಣ್ಣ ನಾಳಗಳಿಂದಾದರೂ ರಕ್ತ ಸುತ್ತಿ ಬರಲಿ ಅಂತ. ಅರಿವಳಿಕೆ ಔಷಧ ಪ್ರೊಪೊಫಾಲ್ ಹೆಚ್ಚಿಸಿದೆ. ಮಿದುಳಿನ ವಿದ್ಯುತ್ ತೋರಿಸುವ ಇಇಜಿ ಪರದೆಯಲ್ಲಿ ಅಲೆಗಳು ಬಿಡಿಬಿಡಿಯಾದವು. ಒಂದು ಗೊಂಚಲು, ಆಮೇಲೆ ಉದ್ದಕ್ಕೆ ನೇರ ಗೆರೆ, ಇನ್ನೊಂದು ಗೊಂಚಲು, ಮತ್ತೆ ಗೆರೆ. ನರ್ಸ್ ಒಂದೊಂದು ನಿಮಿಷಕ್ಕೂ ಕೂಗಿ ಹೇಳುತ್ತಿದ್ದರು. ಆರು ಮುಗಿದು ಏಳನೆಯದು ನಡೆಯುತ್ತಿದ್ದಾಗ ಕ್ಲಿಪ್ ತೆಗೆದರು.

ಎಚ್ಚರವಾದ ಮೇಲೆ ನನ್ನ ಎರಡೂ ಕೈ ಹಿಡಿದು ಅದುಮಲು ಹೇಳಿದೆ. ಅದುಮಿದರು, ಎರಡೂ ಕಡೆ ಒಂದೇ ಬಲ. ಇಷ್ಟು ವರ್ಷವಾದರೂ ಆ ಕ್ಷಣಕ್ಕೆ ಎದೆಯೊಳಗೆ ಏನೋ ಸಡಿಲವಾಗುತ್ತದೆ.

ಅಲೆಗಳನ್ನು ಯಾಕೆ ಹಾಗೆ ಮಲಗಿಸುತ್ತೇವೆ ಅಂತ ಹೊಸ ಹುಡುಗರು ಕೇಳುತ್ತಾರೆ. ಮಿದುಳಿನ ತೂಕ ದೇಹದ ಶೇಕಡ 2 ಇದ್ದರೆ ಹೆಚ್ಚು. ಆದರೆ ವಿಶ್ರಾಂತಿಯಲ್ಲಿದ್ದಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡ 20 ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವುದು ಅದಕ್ಕೆ ಗೊತ್ತಿಲ್ಲ. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ 50 ಮಿಲಿಲೀಟರ್ ರಕ್ತ ಹರಿಯಬೇಕು. ಅದು 20ರ ಕೆಳಗೆ ಇಳಿಯುತ್ತಾ ಹೋದಂತೆ ನರಕೋಶ ಮಾತು ನಿಲ್ಲಿಸುತ್ತದೆ, 10ರ ಹತ್ತಿರ ಬಂದರೆ ಸಾಯತೊಡಗುತ್ತದೆ. ಈ ಎರಡರ ನಡುವೆ ಮಾತು ನಿಂತಿದೆ, ಜೀವ ಹೋಗಿಲ್ಲ. ಅಸ್ಟ್ರಪ್, ಸೈಮನ್ ಮತ್ತು ಸೀಶೋ 1981ರಲ್ಲಿ ಬರೆದ ಲೇಖನದಿಂದ ಆ ನಡುವಿನ ಜಾಗಕ್ಕೆ ಪೆನಂಬ್ರಾ, ಅಂದರೆ ಅರೆನೆರಳು, ಅನ್ನುವ ಹೆಸರು ನಿಂತಿತು. ನನ್ನ ಇಡೀ ವೃತ್ತಿ ಆ ಅರೆನೆರಳಿನಲ್ಲೇ ಕಳೆದಿದೆ.

ಮೇಯೊ ಕ್ಲಿನಿಕ್‌ನ ಮೈಕೆನ್‌ಫೆಲ್ಡರ್ ಕೊಟ್ಟ ತರ್ಕ ಚೆಂದದ್ದು. ನರಕೋಶ ಅರ್ಧದಷ್ಟು ಶಕ್ತಿಯನ್ನು ವಿದ್ಯುತ್ ಕೆಲಸಕ್ಕೆ, ಉಳಿದರ್ಧವನ್ನು ಬರೀ ಬದುಕಿರುವುದಕ್ಕೆ ಖರ್ಚು ಮಾಡುತ್ತದೆ. ಥಿಯೋಪೆಂಟಾಲ್‌ನಂಥ ಅರಿವಳಿಕೆ ಔಷಧ ಮೊದಲನೆಯ ಖರ್ಚನ್ನು ನಿಲ್ಲಿಸಬಲ್ಲದು. ಇಇಜಿ ಪೂರಾ ಚಪ್ಪಟೆಯಾದ ಮೇಲೆ ಇನ್ನೆಷ್ಟು ಸುರಿದರೂ ಉಪಯೋಗವಿಲ್ಲ. ಎರಡನ್ನೂ ತಗ್ಗಿಸುವುದು ತಂಪು ಮಾತ್ರ.

ಇವತ್ತು ಬರೆಯಲು ಕುಳಿತದ್ದು ಈ ತಂಪಿನ ವಿಷಯಕ್ಕೇ.

ಮಧ್ಯಾಹ್ನ ನನ್ನ ಪಿಎಚ್‌ಡಿ ವಿದ್ಯಾರ್ಥಿನಿ ಓಡಿಕೊಂಡೇ ಬಂದಳು. ಕೈಯಲ್ಲಿ ಟ್ರೇ. ಮಿದುಳಿನ ರಕ್ತನಾಳ ಮುಚ್ಚಿದ ಇಲಿಗಳ ಮಿದುಳನ್ನು 2 ಮಿಲಿಮೀಟರ್ ದಪ್ಪಕ್ಕೆ ಕೊಯ್ದು ಟಿಟಿಸಿ ದ್ರಾವಣದಲ್ಲಿ ಅದ್ದಿದ ಬಿಲ್ಲೆಗಳು. ಬದುಕಿದ ಭಾಗ ಇಟ್ಟಿಗೆ ಕೆಂಪಾಗುತ್ತದೆ, ಸತ್ತದ್ದು ಬೆಳ್ಳಗೆ ಉಳಿಯುತ್ತದೆ. ಮೇಲಿನ ಸಾಲು ಬರೀ ಸಲೈನ್ ಕೊಟ್ಟ ಇಲಿಗಳದ್ದು, ಬಲ ಅರ್ಧದಲ್ಲಿ ಅಗಲವಾದ ಬಿಳಿ. ಕೆಳಗಿನ ಸಾಲು ಔಷಧ ಕೊಟ್ಟವುಗಳದ್ದು, ಬಿಳಿ ಉಗುರಿನ ತುದಿಯಷ್ಟು.

"ಮೇಡಂ, ನೋಡಿ! 24 ಗಂಟೆಗೆ ಇಷ್ಟು ವ್ಯತ್ಯಾಸ!"

ಅವಳ ಮುಖ ನೋಡಿ ನನಗೂ ಖುಷಿಯಾಯಿತು. ಆದರೂ ಕೇಳಲೇಬೇಕಿತ್ತು.

"ಇಲಿಯ ಉಷ್ಣಾಂಶ?"

"37 ಮೇಡಂ. ಉದ್ದಕ್ಕೂ ಹೀಟಿಂಗ್ ಪ್ಯಾಡ್ ಮೇಲಿತ್ತು, ರೆಕ್ಟಲ್ ಪ್ರೋಬ್ ಹಾಕಿದ್ದೆ."

"ತಲೆಯದ್ದು?"

ಅವಳು ಸುಮ್ಮನಾದಳು. ಆ ಮೌನ ನನಗೆ ಗೊತ್ತು. 1989ರಲ್ಲಿ ಅದು ನನ್ನದಾಗಿತ್ತು.

ಆಗ ಗ್ಲುಟಮೇಟ್ ಕಾಲ. ನರಕೋಶಗಳ ನಡುವೆ ಸಂದೇಶ ಒಯ್ಯುವ ಈ ರಾಸಾಯನಿಕ ಅತಿಯಾದರೆ ನರಕೋಶವನ್ನು ಕೆರಳಿಸಿ ಕೆರಳಿಸಿಯೇ ಕೊಲ್ಲುತ್ತದೆ ಎಂದು ಓಲ್ನಿ 1969ರಲ್ಲೇ ತೋರಿಸಿದ್ದರು. ಅದನ್ನು ತಡೆಯುವ ಔಷಧ ಸಿಕ್ಕರೆ ಪಾರ್ಶ್ವವಾಯುವಿಗೆ ಮದ್ದು ಸಿಕ್ಕಂತೆಯೇ ಅಂತ ನಾವೆಲ್ಲ ನಂಬಿದ್ದೆವು. ನನ್ನ ಇಲಿಗಳೂ ಚೆನ್ನಾಗಿ ಉಳಿದಿದ್ದವು. ಲೇಖನ ಟೈಪ್ ಮಾಡಿ ಗೈಡ್ ಮೇಜಿನ ಮೇಲಿಟ್ಟೆ. ಅವರು ಓದಿ, ಪಕ್ಕಕ್ಕಿಟ್ಟು, ಡ್ರಾಯರ್‌ನಿಂದ ಒಂದು ಜೆರಾಕ್ಸ್ ತೆಗೆದು ಕೊಟ್ಟರು. ಬುಸ್ಟೋ ಮತ್ತು ಗಿನ್ಸ್‌ಬರ್ಗ್ ತಂಡ 1987ರಲ್ಲಿ ಪ್ರಕಟಿಸಿದ ಲೇಖನ. ಮಿದುಳಿಗೆ ರಕ್ತ ನಿಂತಾಗ, ದೇಹ 37ರಲ್ಲೇ ಇದ್ದರೂ ಇಲಿಯ ಮಿದುಳು ತನ್ನಷ್ಟಕ್ಕೆ ತಣ್ಣಗಾಗುತ್ತದೆ. ಬೆಚ್ಚಗಿನ ರಕ್ತವೇ ಬರದಿದ್ದರೆ ಆಗದೆ ಏನು? ಎರಡು ಮೂರು ಡಿಗ್ರಿ ಇಳಿದರೂ ಸಾವಿನ ಲೆಕ್ಕವೇ ಬದಲಾಗುತ್ತದೆ.

"ನಿನ್ನ ಔಷಧ ಉಳಿಸಿತೋ, ಚಳಿ ಉಳಿಸಿತೋ, ನೋಡ್ಕೊಂಡು ಬಾರಮ್ಮ" ಅಂದರು. ಅಷ್ಟೇ.

ತಲೆಯ ಪಕ್ಕದ ಸ್ನಾಯುವಿನೊಳಗೆ ಉಷ್ಣಾಂಶ ಅಳೆಯುವ ಕೂದಲೆಳೆಯಂಥ ಥರ್ಮಿಸ್ಟರ್ ಇಟ್ಟೆ. ಮೇಲೊಂದು ದೀಪ. ಉಷ್ಣಾಂಶ 37ರಿಂದ ಒಂದು ಗೆರೆ ಇಳಿದರೆ ದೀಪ ಹತ್ತಿರ, ಏರಿದರೆ ದೂರ. ಹಾಗೆ ಕೂತು ಒಂದೊಂದು ಇಲಿಯನ್ನೂ ಕಾದೆ. ಎಂಟು ತಿಂಗಳ ಕೊನೆಗೆ ಎರಡು ಸಾಲು ಬಿಲ್ಲೆಗಳನ್ನು ಪಕ್ಕಪಕ್ಕ ಜೋಡಿಸಿದಾಗ ಯಾವುದು ಯಾವುದೆಂದು ಗುರುತೇ ಸಿಗಲಿಲ್ಲ. ನನ್ನ ಔಷಧ ಪ್ರಾಣಿಯನ್ನು ತಣ್ಣಗೆ ಮಾಡುತ್ತಿತ್ತು. ಉಪಕಾರವೆಲ್ಲ ಅಷ್ಟರಲ್ಲೇ ಇತ್ತು. ಮರುವರ್ಷ, 1990ರಲ್ಲಿ, ಬ್ಯೂಕನ್ ಮತ್ತು ಪುಲ್ಸಿನೆಲ್ಲಿ ಜರ್ಬಿಲ್‌ಗಳಲ್ಲಿ (ಇಲಿಯಂಥದೇ ಪುಟ್ಟ ಪ್ರಾಣಿ) ಗ್ಲುಟಮೇಟ್ ತಡೆಯುವ ಎಂಕೆ-801 ಬಗ್ಗೆ ಇದನ್ನೇ ಹೇಳಿದರು: ಕಾಪಾಡಿದ್ದು ಔಷಧವಲ್ಲ, ಇಳಿದ ಉಷ್ಣಾಂಶ. ಅದನ್ನು ಓದಿದ ರಾತ್ರಿ ಅತ್ತಿದ್ದೆ. ದುಃಖಕ್ಕಲ್ಲ, ಒಂಟಿಯಲ್ಲ ಅನ್ನುವ ಸಮಾಧಾನಕ್ಕೆ.

ಇನ್ನೊಂದು ಪಾಠ ಕಲಿಯಲು ಹತ್ತು ವರ್ಷ ಬೇಕಾಯಿತು. ಕವಾಗುಚಿ, ಡ್ರಮಂಡ್, ಪಟೇಲ್ ಮೊದಲಾದವರು 2000ದಲ್ಲಿ ಐಸೋಫ್ಲುರೇನ್ ಅನ್ನುವ ಅರಿವಳಿಕೆ ಕೊಟ್ಟ ಇಲಿಗಳನ್ನು 2 ದಿನಕ್ಕೆ ನೋಡಿದರು, ಕಾಪಾಡಿತ್ತು. 14 ದಿನಕ್ಕೆ ನೋಡಿದರು, ಆ ಲಾಭ ಕರಗಿಹೋಗಿತ್ತು. ಸಾವು ಬರೀ ಮುಂದಕ್ಕೆ ಹೋಗಿತ್ತು. 24 ಗಂಟೆಗೆ ಮಿದುಳು ತೆಗೆದು ಸಂಭ್ರಮಪಟ್ಟ ನನ್ನ ಎಷ್ಟೋ ನೋಟ್‌ಬುಕ್‌ಗಳನ್ನು ಆಮೇಲೆ ಬೇರೆ ಕಣ್ಣಿಂದ ಓದಬೇಕಾಯಿತು.

ಹಾಗಾದರೆ ತಂಪೇ ಮದ್ದಲ್ಲವೇ? ನಾನೂ ಮನಸಾರೆ ನಂಬಿದ್ದೆ. 2002ರಲ್ಲಿ ಹೃದಯ ನಿಂತು ಮತ್ತೆ ಬಡಿದವರನ್ನು ತಂಪು ಮಾಡಿದ ಎರಡು ಅಧ್ಯಯನಗಳು ಒಳ್ಳೆಯ ಫಲಿತಾಂಶ ಕೊಟ್ಟಾಗ ನಮ್ಮ ವಿಭಾಗದಲ್ಲಿ ಹಬ್ಬದ ಕಳೆ. 2005ರಲ್ಲಿ ಮೈಕೆಲ್ ಟಾಡ್ ತಂಡದ ಐಹ್ಯಾಸ್ಟ್ ಅಧ್ಯಯನ ಬಂತು. ಇವತ್ತು ಬೆಳಿಗ್ಗೆಯ ಹೆಂಗಸಿಗೆ ಆದಂಥದ್ದೇ ಅನ್ಯೂರಿಸಂ ಶಸ್ತ್ರಚಿಕಿತ್ಸೆ, 1,001 ರೋಗಿಗಳು, ಅರ್ಧ ಜನರನ್ನು 33 ಡಿಗ್ರಿಗೆ ಇಳಿಸಿದರು, ಉಳಿದವರನ್ನು 36.5ರಲ್ಲಿ ಇಟ್ಟರು. ಮೂರು ತಿಂಗಳ ಮೇಲೆ ಚೆನ್ನಾಗಿದ್ದವರು ಒಂದು ಕಡೆ ಶೇಕಡ 66, ಇನ್ನೊಂದು ಕಡೆ 63. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಹೃದಯ ನಿಂತವರ ವಿಷಯದಲ್ಲೂ 2013ರ ಟಿಟಿಎಂ, 2021ರ ಟಿಟಿಎಂ-2 ಅಧ್ಯಯನಗಳಲ್ಲಿ 33 ಡಿಗ್ರಿಗೆ ಇಳಿಸಿದ್ದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ.

ಇದನ್ನು ಸೋಲು ಅಂತ ಬರೆಯಲು ನನ್ನ ಕೈ ಬರುವುದಿಲ್ಲ. ಐಹ್ಯಾಸ್ಟ್ ಆದಮೇಲೆ ಅನ್ಯೂರಿಸಂ ರೋಗಿಗಳನ್ನು ರೂಢಿಯಂತೆ ತಂಪು ಮಾಡುವುದನ್ನು ನಾನು ಬಿಟ್ಟೆ. ಒತ್ತಡ ಬೀಳದಂತೆ, ಆಮ್ಲಜನಕ ತಗ್ಗದಂತೆ, ಸಕ್ಕರೆ ಏರದಂತೆ, ಜ್ವರ ಬಾರದಂತೆ ನೋಡಿಕೊಳ್ಳುವುದಕ್ಕೆ ಪೂರಾ ಗಮನ ಕೊಟ್ಟೆ. ಅಲೆಗಳನ್ನು ಮಲಗಿಸುವುದಕ್ಕೂ ಅಂಥ ಗಟ್ಟಿ ಪುರಾವೆ ಇನ್ನೂ ಇಲ್ಲ. ಮಾಡುತ್ತೇನೆ, ತರ್ಕವನ್ನು ನಂಬಿ ಮಾಡುತ್ತೇನೆ, ಆದರೆ ಕುಟುಂಬದವರಿಗೆ ಅದರ ಹೆಸರಿನಲ್ಲಿ ಭರವಸೆ ಕೊಡುವುದಿಲ್ಲ. ಕ್ಲಿಪ್ ಬೇಗ ತೆಗೆಯಲಿ ಅಂತಲೇ ಇವತ್ತೂ ಬೇಡಿಕೊಂಡದ್ದು.

ವಿದ್ಯಾರ್ಥಿನಿಗೆ ಇದೆಲ್ಲ ಹೇಳಲಿಲ್ಲ. ಟ್ರೇ ಮೇಲೆ ಬಗ್ಗಿ, ಬಿಲ್ಲೆಗಳನ್ನು ಒಂದೊಂದಾಗಿ ನೋಡಿ, ಕೊಯ್ದಿರುವ ಕೈ ಚೆನ್ನಾಗಿದೆ ಅಂದೆ. ನಿಜವಾಗಿಯೂ ಚೆನ್ನಾಗಿತ್ತು. ಆಮೇಲೆ ಬೀರುವಿನಿಂದ ಆ ಹಳೆಯ ಜೆರಾಕ್ಸ್ ತೆಗೆದೆ. ಅಂಚು ಹಳದಿಯಾಗಿದೆ, ಗೈಡ್ ಎಳೆದ ಪೆನ್ಸಿಲ್ ಗೆರೆ ಇನ್ನೂ ಇದೆ. ಅಲ್ಲೇ ನಿಂತು ಓದಿದಳು.

"ಎಲ್ಲಾ ಮತ್ತೆ ಮಾಡ್ಬೇಕಾ ಮೇಡಂ?"

"ಮತ್ತೆ ಮಾಡೋಣ. ನಾನೂ ಕೂತ್ಕೋತೀನಿ."

ಸಂಜೆ ಇಬ್ಬರೂ ಸೇರಿ ಥರ್ಮಿಸ್ಟರ್ ಹುಡುಕಿ, ನೀರಿನಲ್ಲಿಟ್ಟು ಸರಿ ತೋರಿಸುತ್ತದೆಯೇ ಎಂದು ಪರೀಕ್ಷಿಸಿದೆವು. 0.1 ಡಿಗ್ರಿ ಹೆಚ್ಚು ತೋರಿಸುತ್ತದೆ, ಬರೆದಿಟ್ಟುಕೊಂಡಳು. ಯಾವ ಇಲಿಗೆ ಔಷಧ, ಯಾವುದಕ್ಕೆ ಸಲೈನ್ ಅನ್ನುವ ಪಟ್ಟಿ ನಮ್ಮಿಬ್ಬರಿಗೂ ಕಾಣದಂತೆ ಪಕ್ಕದ ಲ್ಯಾಬಿನವರ ಹತ್ತಿರ ಇರುತ್ತದೆ. ಸೋಮವಾರ ಮೊದಲ ಇಲಿ. ಅಲ್ಲಿಂದ 14 ದಿನ ಅಂದರೆ ಡಿಸೆಂಬರ್ 9. ಗೋಡೆಯ ಕ್ಯಾಲೆಂಡರ್‌ನಲ್ಲಿ ಅವಳೇ ಸುತ್ತು ಹಾಕಿ ಹೋದಳು.