“ಅನ್ನ ಬಿಟ್ಟಿರಾ?” ಎಂದು ಕೇಳುವವರಿಗೆ

ಮದುವೆ ಮನೆಯಲ್ಲಿ, ಕಚೇರಿಯ ಮೆಟ್ಟಿಲ ಮೇಲೆ, ತರಕಾರಿ ಗಾಡಿಯ ಮುಂದೆ, ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ಎದುರಾದವರು ಮೊದಲು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ. ಆಮೇಲೆ ಒಂದೇ ಪ್ರಶ್ನೆ: “ಅನ್ನ ಬಿಟ್ಟಿರಾ?” ಎರಡೂವರೆ ವರ್ಷದಲ್ಲಿ ನಾನು 78 ಕಿಲೋದಿಂದ 67ಕ್ಕೆ ಇಳಿದಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ನನ್ನ ವಯಸ್ಸಿನ ಹೆಂಗಸರು, ನಲವತ್ತೈದು ದಾಟಿದವರು. ಪ್ರಶ್ನೆಯ ಹಿಂದೆ ಒಂದು ಭಯವೂ ಇರುತ್ತದೆ, ನಾನೆಲ್ಲಿ “ಹೌದು” ಎಂದುಬಿಡುತ್ತೇನೋ ಎಂದು. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಿಟ್ಟಿಲ್ಲ. ಮಧ್ಯಾಹ್ನದ ಡಬ್ಬಿಯಲ್ಲಿ ಅನ್ನ ಇರುತ್ತದೆ. ರಾತ್ರಿ ಮುದ್ದೆಯಾದ ಮೇಲೆ ಒಂದು ಹಿಡಿ ಮೊಸರನ್ನವೂ ಇರುತ್ತದೆ.

ಆದರೆ ಒಮ್ಮೆ ಬಿಟ್ಟಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು–ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಅಳತೆ, 6.1 ಬಂದಿತ್ತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು ಎಂದು ವೈದ್ಯರು ಹೇಳಿದರು. ನನ್ನ ಅಪ್ಪ ಕೊನೆಯ ಹನ್ನೆರಡು ವರ್ಷ ಇನ್ಸುಲಿನ್ ಚುಚ್ಚಿಕೊಂಡದ್ದನ್ನು ನೋಡಿದವಳು ನಾನು. ಮನೆಗೆ ಬಂದವಳೇ ಅನ್ನ ನಿಲ್ಲಿಸಿದೆ. ಮೊದಲ ವಾರವೇ ಎರಡೂವರೆ ಕಿಲೋ ಇಳಿಯಿತು. ಆ ಸಂತೋಷವನ್ನು ಈಗಲೂ ಮರೆತಿಲ್ಲ. ಅದು ಕೊಬ್ಬಲ್ಲ, ಹೆಚ್ಚಿನ ಪಾಲು ನೀರು ಎಂದು ತಿಳಿದದ್ದು ಬಹಳ ತಡವಾಗಿ. ನಮ್ಮ ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತವೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ನಿಂತಿರುತ್ತದೆ. ಅನ್ನ, ರೊಟ್ಟಿ ನಿಲ್ಲಿಸಿದರೆ ಆ ದಾಸ್ತಾನು ಕರಗಿ ನೀರೂ ಹೋಗುತ್ತದೆ. ಮತ್ತೆ ಉಂಡ ಕೂಡಲೇ ಎರಡೂ ತಿರುಗಿ ಬರುತ್ತವೆ.

ನಲವತ್ತು ದಿನ ತಡೆದೆ. ಆ ನಲವತ್ತು ದಿನ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಸಾರಿನ ಒಗ್ಗರಣೆ ಚಟಪಟ ಎಂದರೆ ನನಗೆ ಅಳು ಬರುತ್ತಿತ್ತು. ಪರೀಕ್ಷೆಗೆ ಓದುತ್ತಿದ್ದ ಮಗಳ ಮೇಲೆ ಕಾರಣವಿಲ್ಲದೆ ರೇಗಿದ್ದೇನೆ, ಆಮೇಲೆ ಕ್ಷಮೆ ಕೇಳಿದ್ದೇನೆ. ನಲವತ್ತೊಂದನೆಯ ದಿನ ಸಂಬಂಧಿಕರ ಮದುವೆಯಲ್ಲಿ ಎಲೆಯ ಮುಂದೆ ಕೂತವಳು ಎದ್ದದ್ದು ಹೊಟ್ಟೆ ನೋವು ಬರುವಷ್ಟು ಉಂಡ ಮೇಲೆ. ಮೂರು ತಿಂಗಳಲ್ಲಿ ಮೊದಲಿದ್ದುದಕ್ಕಿಂತ ಒಂದು ಕಿಲೋ ಹೆಚ್ಚೇ ಆದೆ. (ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಒಮ್ಮೆಲೇ ಅನ್ನ ನಿಲ್ಲಿಸಲೇಬೇಡಿ. ಸಕ್ಕರೆ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.)

ಆಮೇಲೆ ಒಬ್ಬ ಆಹಾರ ತಜ್ಞೆಯ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹುಡುಗಿ. ಪಟ್ಟಿ ಬರೆದುಕೊಡುತ್ತಾಳೆ ಎಂದುಕೊಂಡಿದ್ದೆ, ಅವಳು ನನ್ನ ಕೈಗೇ ಪುಸ್ತಕ ಕೊಟ್ಟು, “ಹತ್ತು ದಿನ ಬರೆಯಿರಿ ಮೇಡಂ. ಏನು ತಿಂದಿರಿ ಎನ್ನುವುದರ ಜೊತೆಗೆ ಯಾವಾಗ, ಯಾರ ಜೊತೆ ತಿಂದಿರಿ ಎಂಬುದನ್ನೂ ಬರೆಯಿರಿ” ಎಂದಳು. ಬರೆದೆ. ಹತ್ತನೆಯ ದಿನ ಓದಿದಾಗ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು: “ಮಿಕ್ಕಿದ್ದು”. ಎರಡು ಸೌಟು ಅನ್ನ, ಮಿಕ್ಕಿದ್ದು. ಮಗಳ ತಟ್ಟೆಯ ಅರ್ಧ ದೋಸೆ, ಮಿಕ್ಕಿದ್ದು. ಚಿತ್ರಾನ್ನದ ಬಾಣಲೆಯ ತಳದ್ದು, ಮಿಕ್ಕಿದ್ದು.

ನಮ್ಮ ಮನೆಯಲ್ಲಿ ಮೊದಲು ಅತ್ತೆಗೆ ಬಡಿಸುತ್ತಿದ್ದೆ, ಆಮೇಲೆ ನಮ್ಮ ಯಜಮಾನರಿಗೆ ಮತ್ತು ಮಗಳಿಗೆ. ಎಲ್ಲರದೂ ಆದ ಮೇಲೆ, ಒಂಬತ್ತೂವರೆಯೋ ಹತ್ತೋ ಗಂಟೆಗೆ, ಅಡುಗೆಮನೆಯಲ್ಲಿ ನಿಂತೇ ನನ್ನ ಊಟ. ಆ ಹೊತ್ತಿಗೆ ಪಲ್ಯ ಖಾಲಿಯಾಗಿರುತ್ತಿತ್ತು, ಸಾರಿನಲ್ಲಿ ಕಾಳು ಇರುತ್ತಿರಲಿಲ್ಲ. ಇರುತ್ತಿದ್ದದ್ದು ಅನ್ನ ಮತ್ತು ತಿಳಿ. ಪಾತ್ರೆಯ ತಳದ ಅನ್ನವನ್ನು ತೆಗೆದಿಟ್ಟರೆ ನಾಳೆ ಒಬ್ಬರಿಗೂ ಸಾಲದು, ಚೆಲ್ಲಲು ಮನಸ್ಸು ಒಪ್ಪದು. ಅನ್ನವನ್ನು ತುಳಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ತಿಂದುಬಿಡುತ್ತಿದ್ದೆ. ಇಪ್ಪತ್ತೆರಡು ವರ್ಷ ಹೀಗೆ ನಡೆದಿತ್ತು.

ಅನ್ನ ನನ್ನ ತಟ್ಟೆಗೆ ಬರುವ ಮೊದಲೇ ತಪ್ಪು ಆಗಿರುತ್ತಿತ್ತು, ಪಾವಿನಲ್ಲಿ. ಅತ್ತೆಯ ಕಾಲದ ಹಿತ್ತಾಳೆ ಪಾವು ನಮ್ಮಲ್ಲಿದೆ. ತೂಗಿ ನೋಡಿದಾಗ ತಲೆ ಸವರಿದ ಒಂದು ಪಾವು ಅಕ್ಕಿ ಸುಮಾರು 220 ಗ್ರಾಂ ಬಂತು. ನಾಲ್ಕು ಜನಕ್ಕೆ ರಾತ್ರಿ ಎರಡು ಪಾವು, “ಯಾರಾದರೂ ಬಂದರೆ” ಎಂದು ಮೇಲೊಂದು ಹಿಡಿ. ಊಟದ ಹೊತ್ತಿಗೆ ಹೇಳದೆ ಕೇಳದೆ ಬರುವವರ ಕಾಲ ಮುಗಿದು ಎಷ್ಟೋ ವರ್ಷವಾಗಿದೆ. ಬಾರದ ಅತಿಥಿಯ ಪಾಲನ್ನು ಪ್ರತಿರಾತ್ರಿ ನಾನು ಉಣ್ಣುತ್ತಿದ್ದೆ.

ಒಂದೂವರೆ ಪಾವು ಹಾಕೋಣ ಎಂದಾಗ ಅತ್ತೆ ಒಪ್ಪಲಿಲ್ಲ. “ಅನ್ನದ ಪಾತ್ರೆ ಬರಿದಾಗಬಾರದು, ಮನೆಗೆ ಶ್ರೇಯಸ್ಸಲ್ಲ” ಎಂದರು. ನಾನು ವಾದ ಮಾಡಲಿಲ್ಲ. ಅವರು ಬರಗಾಲ ಕಂಡವರು, ಆ ಮಾತಿಗೆ ಬೆಲೆ ಇದೆ. “ಯಾರಾದರೂ ಬಂದರೆ ಹತ್ತು ನಿಮಿಷದಲ್ಲಿ ಅವಲಕ್ಕಿ ಒಗ್ಗರಣೆ ಮಾಡಿಕೊಡುತ್ತೇನೆ ಅತ್ತೆ” ಎಂದು ಡಬ್ಬಿ ತುಂಬಾ ಅವಲಕ್ಕಿ ತಂದಿಟ್ಟೆ. ಒಂದು ತಿಂಗಳು ಸುಮ್ಮನೆ ನೋಡಿದರು. ಆಮೇಲೆ ಒಂದು ರಾತ್ರಿ ತಟ್ಟೆಯ ಮುಂದೆ ಕೂತವರು, “ನೀನೂ ಕೂರು. ಸೌಟು ಮಧ್ಯದಲ್ಲಿರಲಿ, ಬೇಕಾದವರು ಬಡಿಸಿಕೊಳ್ಳಲಿ” ಎಂದರು. ಅಂದಿನಿಂದ ಎಂಟು ಗಂಟೆಗೆ ನಾಲ್ವರೂ ಒಟ್ಟಿಗೆ ಕೂರುತ್ತೇವೆ. ಈ ಎರಡೂವರೆ ವರ್ಷದಲ್ಲಿ ನನ್ನ ಅತಿ ದೊಡ್ಡ ಗೆಲುವು ಯಾವುದು ಎಂದು ಕೇಳಿದರೆ ನಾನು ಆ ರಾತ್ರಿಯನ್ನೇ ತೋರಿಸುತ್ತೇನೆ.

“ಹಾಗಾದರೆ ಮುದ್ದೆ ತಿಂದು ಇಳಿದಿರಾ?” ಎನ್ನುವುದು ಎರಡನೆಯ ಪ್ರಶ್ನೆ. ಮುದ್ದೆಯನ್ನು ನಾನು ಪ್ರೀತಿಸುತ್ತೇನೆ, ಆದರೆ ಅದರ ಬಗ್ಗೆ ಸುಳ್ಳು ಹೇಳಲಾರೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ ಇದ್ದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 321. ವ್ಯತ್ಯಾಸ ಅಷ್ಟೇ. ರಾಗಿಯ ದೊಡ್ಡತನ ನಾರಿನಲ್ಲಿದೆ, ಹನ್ನೊಂದು ಗ್ರಾಂನಷ್ಟು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶವಂತೂ ರಾಗಿಯಲ್ಲಿ 364 ಮಿಲಿಗ್ರಾಂ; ಮುಟ್ಟು ನಿಲ್ಲುವ ವಯಸ್ಸಿನ ನಮ್ಮಂಥವರ ಮೂಳೆಗೆ ಅದು ಬೇಕೇ ಬೇಕು. ಮುದ್ದೆ ಉಂಡರೆ ಬೇಗ ಹಸಿಯುವುದಿಲ್ಲ, ಅದು ನನ್ನ ಅನುಭವ. ಆದರೆ ಗದ್ದೆಯಲ್ಲಿ ದಿನವಿಡೀ ದುಡಿದ ನನ್ನ ಅಜ್ಜನ ಎರಡು ಮುದ್ದೆ, ಕಂಪ್ಯೂಟರ್ ಮುಂದೆ ಎಂಟು ಗಂಟೆ ಕೂರುವ ನನಗೆ ಲೆಕ್ಕವಲ್ಲ. ನನ್ನದು ಒಂದು, ಅದೂ ಸಣ್ಣ ಕಿತ್ತಳೆಯಷ್ಟು.

ನಿಜವಾಗಿ ನನ್ನ ಕೈ ಹಿಡಿದದ್ದು ಬಸ್ಸಾರು. ಹುರುಳಿಕಾಳನ್ನೋ ಅಲಸಂದೆಯನ್ನೋ ದಂಟಿನ ಸೊಪ್ಪಿನ ಜೊತೆ ಬೇಯಿಸಿ ಬಸಿದರೆ, ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಸೊಪ್ಪು–ಕಾಳು ಪಲ್ಯವಾಗುತ್ತದೆ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಕಾಳಿನ ಪ್ರೋಟೀನು, ಸೊಪ್ಪಿನ ನಾರು ಎರಡೂ ತಟ್ಟೆಗೆ ಬರುತ್ತವೆ, ಎಣ್ಣೆ ಒಗ್ಗರಣೆಗೆ ಮಾತ್ರ. ಮಂಡ್ಯ, ಮೈಸೂರು ಕಡೆಯ ನಮ್ಮ ಅಜ್ಜಿಯರು ಇದನ್ನು ತೂಕಕ್ಕಾಗಿ ಮಾಡಿದವರಲ್ಲ, ಹಿತ್ತಲಿನಲ್ಲಿ ಸಿಕ್ಕಿದ್ದನ್ನು ವ್ಯರ್ಥ ಮಾಡದೆ ಮಾಡಿದವರು. ದೂರದ ಬೀಜಗಳನ್ನು, ಪುಡಿಗಳನ್ನು ಸಾವಿರಾರು ರೂಪಾಯಿ ಕೊಟ್ಟು ತರಿಸಿಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬೀದಿಯ ತುದಿಯಲ್ಲಿ ಸೊಪ್ಪು ಮಾರುವ ಅಜ್ಜಿಯ ಬುಟ್ಟಿಯಲ್ಲಿ ಕೀರೆ, ಸಬ್ಬಸಿಗೆ, ಮೆಂತ್ಯ ಇವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಭಾರತೀಯರಿಗೆಂದು ಆಹಾರದ ಹೊಸ ಮಾರ್ಗಸೂಚಿ ಹೊರಡಿಸಿತು. 2,000 ಕ್ಯಾಲೊರಿಯ ಒಂದು ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು 85 ಗ್ರಾಂ, ಎಣ್ಣೆ–ಕೊಬ್ಬು 27 ಗ್ರಾಂ ಎಂದು ಅದರ ತಟ್ಟೆ ಹೇಳುತ್ತದೆ. ಧಾನ್ಯಕ್ಕಿಂತ ತರಕಾರಿ ಹೆಚ್ಚು ಎನ್ನುವುದನ್ನು ನಾನು ಎರಡೆರಡು ಸಲ ಓದಿದೆ. ನಾಲ್ಕು ಜನಕ್ಕೆ ದಿನಕ್ಕೆ ಒಂದು ಕಿಲೋ ಆರುನೂರು ಗ್ರಾಂ ತರಕಾರಿ. ನಾವು ಬೇಯಿಸುತ್ತಿದ್ದದ್ದು ಕಾಲು ಕಿಲೋ ಹುರುಳಿಕಾಯಿ. ಈಗಲೂ ಒಂದು ಕಿಲೋ ಮುಟ್ಟಿದರೆ ಹೆಚ್ಚು. ಹುರುಳಿಕಾಯಿ ತುಟ್ಟಿಯಾದಾಗ ಸೋರೆಕಾಯಿ, ಸೀಮೆಬದನೆ, ಹೀರೇಕಾಯಿ ತರುತ್ತೇನೆ. ಎಣ್ಣೆಯ ಲೆಕ್ಕವೂ ಹಾಗೆಯೇ: ನಮ್ಮ ನಾಲ್ವರಿಗೆ ತಿಂಗಳಿಗೆ ಮೂರೂವರೆ ಲೀಟರ್ ಆಗಬೇಕು, ಐದೂವರೆ ಮುಗಿಯುತ್ತಿತ್ತು, ತುಪ್ಪ ಬೇರೆ. ಸೀಸೆಯಿಂದ ನೇರವಾಗಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆಯಲು ಶುರು ಮಾಡಿದ ಮೇಲೆ ನಾಲ್ಕಕ್ಕೆ ಬಂದಿದೆ. ಕಾಫಿ ಐದು ಲೋಟದಿಂದ ಎರಡಕ್ಕೆ ಬಂತು, ಸಕ್ಕರೆ ಎರಡು ಚಮಚದಿಂದ ಅರ್ಧಕ್ಕೆ. ಅದಕ್ಕೆ ಒಂದು ವರ್ಷ ಹಿಡಿಯಿತು.

ಕಷ್ಟ ಇರುವುದು ಬೇರೆಯವರ ಮನೆಯಲ್ಲಿ. ನಮ್ಮಲ್ಲಿ “ಬೇಡ” ಎಂದರೆ ಅಡುಗೆ ಬೇಡ ಎಂದಲ್ಲ, ನೀವು ಬೇಡ ಎಂದು ಕೇಳಿಸುತ್ತದೆ. ಗೌರಿ ಹಬ್ಬಕ್ಕೆ ತವರಿಗೆ ಹೋದರೆ ಅಮ್ಮ, “ಎಷ್ಟು ಇಳಿದುಹೋಗಿದ್ದೀಯೇ” ಎಂದು ಕಣ್ಣು ತುಂಬಿಕೊಂಡು ಎರಡನೆಯ ಹೋಳಿಗೆ ಹಾಕುತ್ತಾಳೆ. ಬಹಳ ದಿನ ಯೋಚಿಸಿ ನನಗೆ ಹೊಳೆದದ್ದು ಇಷ್ಟು: ಬಡಿಸುವವರಿಗೆ ಸೌಟು ಹಾಗೆಯೇ ಹಿಂದಕ್ಕೆ ಹೋಗಬಾರದು. ಈಗ, “ಅನ್ನ ಸಾಕು ಚಿಕ್ಕಮ್ಮ, ಆ ಕೋಸಂಬರಿ ಇನ್ನೊಂದು ಸಲ ಹಾಕಿ, ಬಹಳ ಚೆನ್ನಾಗಿದೆ” ಎಂದು ನಾನೇ ಕೇಳುತ್ತೇನೆ. ಅವರ ಮುಖ ಅರಳುತ್ತದೆ. ಅಮ್ಮನ ಹೋಳಿಗೆ ಮಾತ್ರ ತಿನ್ನುತ್ತೇನೆ, ಒಂದನ್ನು, ಬಿಸಿಯಾಗಿ, ತುಪ್ಪ ಹಾಕಿಕೊಂಡೇ.

ದಾರಿ ನೇರವಾಗಿ ಇಳಿದದ್ದಲ್ಲ. ಕಳೆದ ವರ್ಷ ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ ಎರಡು ತಿಂಗಳು ಕ್ಯಾಂಟೀನಿನ ಪೂರಿ, ಬನ್ನು, ಹೊತ್ತಲ್ಲದ ಹೊತ್ತಿನ ಊಟ. ನಾಲ್ಕು ಕಿಲೋ ಮರಳಿ ಬಂತು. ಅದನ್ನು ಇಳಿಸಲು ಏಳು ತಿಂಗಳು ಬೇಕಾಯಿತು. ಆ ಏಳರಲ್ಲಿ ಮೂರು ತಿಂಗಳು ತೂಕದ ಮುಳ್ಳು ಅಲ್ಲಾಡಲೇ ಇಲ್ಲ. ಆಗ ನಾನು ಟೇಪು ಹಿಡಿದೆ. ಭಾರತದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿರಬೇಕು. ನನ್ನದು 97 ಇದ್ದದ್ದು ಈಗ 86. ಇನ್ನೂ ಆರು ಉಳಿದಿದೆ. ಎಚ್‌ಬಿಎ1ಸಿ 5.6ಕ್ಕೆ ಬಂದಿದೆ. ಆ ಕಾಗದವನ್ನು ದೇವರ ಮನೆಯಲ್ಲಿ ಇಟ್ಟಿದ್ದೇನೆ.

ಹೋದ ಕಾರ್ತಿಕದಲ್ಲಿ ಮಗಳ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರ ಮೆಟ್ಟಿಲು ಎನ್ನುತ್ತಾರೆ, ಏಳುನೂರರ ಸುಮಾರಿಗೆ ನಂದಿ ಸಿಗುತ್ತದೆ. ಹಿಂದೆ ನೂರಕ್ಕೊಂದು ಸಲ ಕೂರುತ್ತಿದ್ದೆ. ಈ ಸಲ ನಿಂತು ಉಸಿರು ತೆಗೆದುಕೊಂಡೆ, ಕೂರಲಿಲ್ಲ. ನಂದಿಯ ಮುಂದೆ ಮಗಳು ಏನೂ ಹೇಳದೆ ನನ್ನ ಕೈ ಹಿಡಿದುಕೊಂಡಳು.

ಮೊನ್ನೆ ಅರಿಶಿನ ಕುಂಕುಮಕ್ಕೆ ಹೋಗಿದ್ದಾಗ ಪಕ್ಕದ ಬೀದಿಯ ಒಬ್ಬರು ಮತ್ತೆ ಅದನ್ನೇ ಕೇಳಿದರು. “ಅನ್ನ ಬಿಟ್ಟುಬಿಟ್ಟಿರಾ? ನನ್ನಿಂದಂತೂ ಆಗುವುದಿಲ್ಲಮ್ಮ.” ನಾನು ಉತ್ತರ ಹೇಳುವ ಬದಲು, “ರಾತ್ರಿ ನೀವು ಎಷ್ಟು ಹೊತ್ತಿಗೆ ಊಟಕ್ಕೆ ಕೂರುತ್ತೀರಿ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಎಲ್ಲರದೂ ಆಗಬೇಕಲ್ಲ” ಎಂದರು. ಆಮೇಲೆ ತಾವೇ, “ಕೂರುವುದೆಲ್ಲಿ ಬಂತು, ನಿಂತುಕೊಂಡೇ” ಎಂದರು. ಕೋಸಂಬರಿಯ ದೊನ್ನೆ ಹಿಡಿದುಕೊಂಡು ಇಬ್ಬರೂ ಜಗಲಿಯ ಮೇಲೆ ಕೂತೆವು. ಅವರು ತಮ್ಮ ಮನೆಯ ಪಾವಿನ ಅಳತೆ ಹೇಳತೊಡಗಿದರು.